ಅನುದಿನದ ಆಹಾರ



ಶಿರಗುಪ್ಪಿಯ ಎರೆಭೂಮಿಯಲ್ಲಿ ರೈತನು ಹಿಂಗಾರಿ ಮಳೆಯನ್ನು ನಂಬಿ ಜೋಳ, ಕಡಲೆಗಳನ್ನು ಬಿತ್ತುತ್ತಾನೆ. ಬಿತ್ತುವುದು ಅವನ ಕೈಯಲ್ಲಿದೆ. ಮಳೆ ಅವನ ಕೈಯಲ್ಲಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ಈ ಸತ್ಯವು ನಮಗೆ ಮತ್ತೊಮ್ಮೆ ಮನದಟ್ಟಾಯಿತು. ಬೀಜದ ಸಾಲ ಹೊತ್ತು ಕುಳಿತವನಿಗೆ, ನಮ್ಮ ಕಣಜವನ್ನು ಮುಚ್ಚಿಟ್ಟುಕೊಂಡು, ದೇವರು ಒದಗಿಸುವನೆಂದು ಹೇಳಲು ನಾವು ನಾಚಬೇಕು.

ಯೇಸುಸ್ವಾಮಿ ಆಗಸದ ಹಕ್ಕಿಗಳನ್ನು ತೋರಿಸಿ ಚಿಂತೆಯನ್ನು ಬಿಡಿರೆಂದರು, ದುಡಿಮೆಯನ್ನು ಬಿಡಿರೆನ್ನಲಿಲ್ಲ. ಹಕ್ಕಿಯೂ ಬೆಳಗಾದೊಡನೆ ಗೂಡು ಬಿಟ್ಟು ಕಾಳನ್ನು ಅರಸುತ್ತದೆ. ಅರಣ್ಯದಲ್ಲಿ ದೇವರು ದಯಪಾಲಿಸಿದ ಮನ್ನವನ್ನು ಇಸ್ರಯೇಲರೇ ಆಯಬೇಕಾಗಿತ್ತು. ಅವರು ದುರಾಸೆಯಿಂದ ಮರುದಿನಕ್ಕೆ ಉಳಿಸಿಕೊಂಡದ್ದು ಹುಳುಬಿದ್ದಿತು. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿಯೂ ನಾವು ಬೇಡುವುದು ಅನುದಿನದ ಆಹಾರವನ್ನು. ಅದೂ 'ನನಗೆ' ಎಂದಲ್ಲ, 'ನಮಗೆ' ಎಂದು. ನೆರೆಮನೆಯ ಒಲೆ ಉರಿಯದಿರುವಾಗ ನಮ್ಮ ಪ್ರಾರ್ಥನೆ ಇನ್ನೂ ಅರ್ಧವೇ.

ಹುಡುಗನೊಬ್ಬನ ಬಳಿಯಿದ್ದ 5 ರೊಟ್ಟಿ, 2 ಮೀನು ಪ್ರಭುವಿನ ಕೈಸೇರಿದ ಬಳಿಕವೇ ಸಾವಿರಾರು ಜನ ತೃಪ್ತರಾದರು. ದೇವರು ಒದಗಿಸುವುದು ನಿಜ. ಅನೇಕ ವೇಳೆ ನಮ್ಮ ಕೈಗಳ ಮೂಲಕವೇ. ಪರಮಪ್ರಸಾದವನ್ನು ಸ್ವೀಕರಿಸಿ ಮನೆಗೆ ಮರಳುವ ನಾವು, ನಮ್ಮ ಜೋಳದಲ್ಲಿ ಒಂದು ಸೇರನ್ನು ಹಸಿದವರ ಪಾಲಿಗೆಂದು ಅಳೆದಿಡೋಣ. ದಯಾಮಯನಾದ ಪಿತನು ನಮ್ಮೆಲ್ಲರನ್ನೂ ಆಶೀರ್ವದಿಸಲಿ.