ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಪಾಲಕರ ಧ್ವನಿ



ಅಕ್ಕಲಕೋಟೆ ತಾಲೂಕಿನ ತಡವಳದಂಥ ಊರುಗಳಲ್ಲಿ ಪಾಲಕರ ಮಾತು ಕನ್ನಡ. ಕಚೇರಿಯ ಕಡತ ಮರಾಠಿ. ಸರ್ಕಾರ ಮತ್ತು ನಾಗರಿಕ ಸಮಾಜದ ಸಂವಾದದಿಂದ ಸಾಮಾಜಿಕ ನೀತಿ ರೂಪುಗೊಳ್ಳಬೇಕೆಂಬ ಆಶಯವು ಇಲ್ಲಿ ಈ ಅಂತರವನ್ನು ದಾಟಿಯೇ ನಿಜವಾಗಬೇಕಾಗಿದೆ.

ಮಾತೃಭಾಷಾ ಶಿಕ್ಷಣದ ಭರವಸೆ ಹೊಸದಲ್ಲ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ನೇಮಿಸಬೇಕೆಂದು 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನ ನಿರ್ಣಯಿಸಿತ್ತು. 1956ರಲ್ಲಿ 350ಎ ವಿಧಿಯು ಸಂವಿಧಾನವನ್ನು ಸೇರಿತು. ಆದರೆ ವಿಧಿಯು ತಾನಾಗಿ ತರಗತಿಗೆ ಇಳಿದು ಬರುವುದಿಲ್ಲ. ನಿವೃತ್ತರಾದ ಕನ್ನಡ ಶಿಕ್ಷಕರ ಸ್ಥಾನ ತೆರವಾಗಿಯೇ ಉಳಿದರೆ, ಫಲಕದ ಮೇಲೆ ಕನ್ನಡ ಮಾಧ್ಯಮವೆಂದು ಬರೆದಿದ್ದರೂ ಒಂದನೆಯ ತರಗತಿಯ ಮಗುವಿಗೆ ಅದು ಇಲ್ಲದಂತೆಯೇ.

ಈ ಕೊರತೆಯನ್ನು ಹೇಳಿಕೊಳ್ಳಲು 2009ರ ಶಿಕ್ಷಣ ಹಕ್ಕು ಕಾಯ್ದೆಯು ಸ್ಥಳ ಕಲ್ಪಿಸಿದೆ. 21ನೆಯ ಕಲಮಿನಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. 22ನೆಯ ಕಲಮಿನಂತೆ ಸಮಿತಿಯು ಸಿದ್ಧಪಡಿಸುವ ಅಭಿವೃದ್ಧಿ ಯೋಜನೆಯೇ ಸರ್ಕಾರದ ಯೋಜನೆಗೂ ಅನುದಾನಕ್ಕೂ ಆಧಾರ. ಹೊಲಗೆಲಸದ ತಾಯಿಯೊಬ್ಬಳ ಮಾತು ಜಿಲ್ಲಾ ಪರಿಷತ್ತಿನ ಲೆಕ್ಕಪತ್ರಕ್ಕೆ ಏರುವ ದಾರಿ ಇದು. ಒಂದು ಭೇದವನ್ನು ಮಾತ್ರ ಮರೆಯಬಾರದು: 2012ರ ತಿದ್ದುಪಡಿಯ ನಂತರ ಅಲ್ಪಸಂಖ್ಯಾತ ಸಂಸ್ಥೆಗಳ ಹಾಗೂ ಅನುದಾನಿತ ಶಾಲೆಗಳ ಸಮಿತಿಗಳಿಗೆ ಸಲಹೆ ನೀಡುವ ಕೆಲಸವಷ್ಟೇ ಉಳಿದಿದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿಗೆ ಯೋಜನೆ ರಚಿಸುವ ಹೊಣೆ ಹಾಗೆಯೇ ಇದೆ.

ಮರಾಠಿ ಸುತ್ತೋಲೆಯನ್ನು ಓದಿ ಸಹಿ ಪಡೆದರೆ ಅದು ಸಂವಾದವಲ್ಲ, ಹಾಜರಿ. ಪಾಲಕರು ಮೊದಲು ಕನ್ನಡದಲ್ಲಿ ಮಾತನಾಡಲಿ. ಅವರ ಮಾತನ್ನು ಅವರ ಪದಗಳಲ್ಲಿಯೇ ಬರೆದುಕೊಂಡು, ಅದರ ಕೆಳಗೆ ಮರಾಠಿ ಅನುವಾದವನ್ನು ಕೊಡುವುದು ಶಿಕ್ಷಕರ ಕೆಲಸ. ಅನುವಾದದಲ್ಲಿ ಮಾತನ್ನು ಮೃದುಗೊಳಿಸುವ ಆಮಿಷ ನೌಕರನಿಗೆ ಸಹಜ, ಅದಕ್ಕೆ ಎಡೆಗೊಡಬಾರದು. "ಶಿಕ್ಷಕರು ಬೇಕು" ಎಂಬ ಒಂದು ಸಾಲು ಕಚೇರಿಯಲ್ಲಿ ಕಳೆದುಹೋಗುತ್ತದೆ. ತರಗತಿವಾರು ಕನ್ನಡ ಮಕ್ಕಳ ಸಂಖ್ಯೆ, ಮಂಜೂರಾದ ಹುದ್ದೆ, ತೆರವಾದ ದಿನಾಂಕ ಇವಿಷ್ಟನ್ನೂ ನಮೂದಿಸಬೇಕು. ಪುಣೆಯ ಬಾಲಭಾರತಿಯು ಕನ್ನಡ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಅವು ಮಕ್ಕಳ ಕೈಸೇರಿದ ದಿನವನ್ನೂ ಬರೆದಿಡಬೇಕು.

ಇದು ಮರಾಠಿಯ ವಿರುದ್ಧದ ಬೇಡಿಕೆಯಲ್ಲ. 2020ರ ಕಾಯ್ದೆಯು ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸಿದೆ. ಕನ್ನಡದಲ್ಲಿ ಓದು ಗಟ್ಟಿಯಾದ ಮಗು ಅದನ್ನೂ ಚೆನ್ನಾಗಿ ಕಲಿಯಬಲ್ಲದು. ಈ ಮಾತನ್ನೂ ಯೋಜನೆಯಲ್ಲಿ ಸೇರಿಸಿದರೆ ಅಧಿಕಾರಿಗಳೊಡನೆ ಮಾತುಕತೆ ಸುಲಭವಾಗುತ್ತದೆ.

ಯೋಜನೆಯ ಪ್ರತಿಗೆ ಗಟ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಸ್ವೀಕೃತಿ ಪಡೆಯಬೇಕು. ಬಂದ ಉತ್ತರವನ್ನು, ಅದು ನಿರಾಕರಣೆಯೇ ಆಗಿರಲಿ, ಮುಂದಿನ ಸಭೆಯಲ್ಲಿ ಪಾಲಕರಿಗೆ ಕನ್ನಡದಲ್ಲಿ ಓದಿ ಹೇಳಬೇಕು.