ಮಿಲ್ಲಿನ ಗೋಡೆಗಳು ಯಾರವು?

(ರಾಜಾಜಿನಗರದ ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಈ ಸಂಜೆ ನಾವು ಮಾತನಾಡಬೇಕೆಂದಿರುವುದು ಹಳೆಯ ಕಟ್ಟಡಗಳ ವಿಷಯ. ಅಕ್ಕಿ ಬೇಳೆಯ ಬೆಲೆ ಗಗನಕ್ಕೇರಿರುವಾಗ, ಗುತ್ತಿಗೆ ಕೂಲಿಯ ಬದುಕು ನೂಲಿನ ಮೇಲೆ ನಿಂತಿರುವಾಗ, ಹಳೆಯ ಗೋಡೆಗಳ ಚಿಂತೆ ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳುವುದಕ್ಕಾಗಿಯೇ ನಾವು ನಿಂತಿದ್ದೇವೆ.

ಬೆಂಗಳೂರಿನ ಈ ಪಶ್ಚಿಮ ಭಾಗವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ದಕ್ಷಿಣದ ಬಸವನಗುಡಿಯಂತೆ ಇದು ದೇವಸ್ಥಾನದ ಸುತ್ತ ಬೆಳೆದದ್ದಲ್ಲ, ಪೂರ್ವದ ದಂಡಿನಂತೆ ಪಲ್ಟನ್ನುಗಳ ಸುತ್ತ ಬೆಳೆದದ್ದೂ ಅಲ್ಲ. ಇದು ಕಾರ್ಖಾನೆಗಳ ಸುತ್ತ ಬೆಳೆದ ಊರು. 1884ರಲ್ಲಿ ಆರಂಭವಾಗಿ, ಎರಡೇ ವರ್ಷಗಳಲ್ಲಿ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿದ ಉಣ್ಣೆ ಮತ್ತು ಹತ್ತಿ ಗಿರಣಿಯಿಂದ ಬಿನ್ನಿಪೇಟೆಗೆ ಆ ಹೆಸರು ಬಂತು. 1949ರಲ್ಲಿ ರಾಜಾಜಿಯವರ ಹೆಸರಿನಲ್ಲಿ ಇಲ್ಲಿ ಬಡಾವಣೆಗೆ ಅಡಿಗಲ್ಲು ಬಿದ್ದಾಗ, ಅದನ್ನು ಕೈಗಾರಿಕಾ ಉಪನಗರವೆಂದೇ ಯೋಜಿಸಲಾಗಿತ್ತು. ಕೇತಮಾರನಹಳ್ಳಿಯಂತಹ ಹಳ್ಳಿಗಳ ಹೊಲಗದ್ದೆಗಳಲ್ಲಿ ಯಂತ್ರಗಳು ಬಂದು ಕುಳಿತವು. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಇಲ್ಲಿಗೆ ಬಂತು. ಬೀದಿ ಬೀದಿಗೂ ಗಂಧದ ಪರಿಮಳ ಹರಡಿದ್ದು ಆಗಲೇ. ಮೆಟ್ರೋ ನಿಲ್ದಾಣಕ್ಕೂ ಇಂದು ಆ ಸಾಬೂನಿನ ಹೆಸರೇ ನಿಂತಿದೆ.

ಇವುಗಳಲ್ಲಿ ಉಳಿದದ್ದೆಷ್ಟು? ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಮಾಲ್ ತೆರೆಯಿತು. ಕಿರ್ಲೋಸ್ಕರ್ ಕಾರ್ಖಾನೆ ಇದ್ದ ನೆಲದಲ್ಲಿ 2012ರಲ್ಲಿ ಇನ್ನೊಂದು ಮಾಲ್ ಬಂತು, ಪಕ್ಕದಲ್ಲೇ ಐಷಾರಾಮಿ ಹೋಟೆಲು, ಮುಗಿಲು ಮುಟ್ಟುವ ಕಚೇರಿಗಳು. ಬಿನ್ನಿ ಮಿಲ್ಲಿನ ನೆಲದಲ್ಲಿ ವಸತಿ ಗೋಪುರಗಳು ಎದ್ದವು. ಮುಂಜಾನೆಯ ಸೈರನ್ನಿಗೆ ಎದ್ದು, ಬುತ್ತಿ ಕಟ್ಟಿಕೊಂಡು ಸಾವಿರಾರು ಜನ ಒಳಹೋಗುತ್ತಿದ್ದ ಗೇಟುಗಳಲ್ಲಿ ಇಂದು ಕಾವಲುಗಾರ ನಿಂತು ನಮ್ಮ ಚೀಲ ತಡಕುತ್ತಾನೆ. ನೂರು ವರ್ಷ ಈ ನಗರದ ಹೊಟ್ಟೆ ಹೊರೆದ ದುಡಿಮೆಗೆ ಅಲ್ಲಿ ಒಂದು ಗುರುತಿನ ಕಲ್ಲೂ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಸಂಗಾತಿಗಳೇ ಕೆಲವರು ಕೇಳುತ್ತಾರೆ: ಬಿನ್ನಿ ಮಿಲ್ ಬಿಳಿಯ ಬಂಡವಾಳಗಾರನ ಸ್ವತ್ತು, ನಮ್ಮವರ ಬೆವರು ಹೀರಿದ ಜಾಗ, ಅದರ ಗೋಡೆ ಬಿದ್ದರೆ ನಾವೇಕೆ ಕಣ್ಣೀರಿಡಬೇಕು? ಪರಂಪರೆ ಎನ್ನುವುದು ಹೊಟ್ಟೆ ತುಂಬಿದವರ ಹವ್ಯಾಸವಲ್ಲವೇ?

ಸಂಗಾತಿಗಳೇ, ಆ ಗೋಡೆಯನ್ನು ಕಟ್ಟಿದವನು ಬಿನ್ನಿ ದೊರೆಯಲ್ಲ. ಇಟ್ಟಿಗೆ ಸುಟ್ಟವನು, ಸುಣ್ಣ ಅರೆದವಳು, ಗಾರೆ ಹಾಕಿದವನು, ಕಬ್ಬಿಣದ ತೊಲೆ ಹೊತ್ತವನು ನಮ್ಮವನು. ದೊರೆಯ ಲೆಕ್ಕಪತ್ರಗಳು ಎಲ್ಲೋ ಭದ್ರವಾಗಿರುತ್ತವೆ, ಅವನ ಭಾವಚಿತ್ರ ಯಾವುದೋ ಗೋಡೆಯ ಮೇಲಿರುತ್ತದೆ. ಕೂಲಿಕಾರನು ಬಿಟ್ಟುಹೋದ ದಸ್ತಾವೇಜು ಒಂದೇ: ಅವನು ಕಟ್ಟಿದ ಮತ್ತು ದುಡಿದ ಜಾಗ. ಅದನ್ನು ಕೆಡವಿದರೆ ಅವನ ಚರಿತ್ರೆಯ ಕೊನೆಯ ಹಾಳೆಯನ್ನೂ ಹರಿದಂತೆ. ಇದೇ ಬಿನ್ನಿ ಕಂಪನಿಯ ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೂಲಿಗಾರರಿಂದಲೇ 1918ರಲ್ಲಿ ಮದರಾಸು ಕಾರ್ಮಿಕ ಸಂಘ ಹುಟ್ಟಿತು. ಭಾರತದ ಸಂಘಟಿತ ಕಾರ್ಮಿಕ ಚಳುವಳಿಯ ಮೊದಲ ಪುಟ ಅದು. ಕಾಗೋಡಿನ ಗೇಣಿದಾರರ 1951ರ ಸತ್ಯಾಗ್ರಹವನ್ನು ನೆನೆಯುವ ನಾವು, ಗಿರಣಿಯ ಅಂಗಳವನ್ನು ಮರೆಯುವುದು ಹೇಗೆ?

ನಗರವು ಯಾವುದನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನೂ ಗಮನಿಸಿ. 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯನ್ನು ಕೆಡವಲು 1980ರ ದಶಕದಲ್ಲಿ ಸರ್ಕಾರ ಹೊರಟಾಗ ನಾಗರಿಕರು ಪ್ರತಿಭಟಿಸಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆ ಕೆಂಪು ಕಟ್ಟಡ ಇಂದಿಗೂ ನಿಂತಿದೆ. ಅದು ಒಳ್ಳೆಯದೇ ಆಯಿತು. ಆದರೆ ಅಠಾರಾ ಕಚೇರಿಗೆ ಸಿಕ್ಕ ವಕೀಲರು ಬಿನ್ನಿಪೇಟೆಯ ಗಿರಣಿಗೆ ಸಿಗಲಿಲ್ಲ. ಅಧಿಕಾರ ಕುಳಿತಿದ್ದ ಮನೆ ಪರಂಪರೆಯಾಯಿತು, ದುಡಿಮೆ ನಡೆದ ಮನೆ ನಿವೇಶನವಾಯಿತು.

ಇನ್ನು ಈ ಕಟ್ಟಡಗಳ ಗುಣವನ್ನೇ ನೋಡೋಣ. ಹಳೆಯ ಗಿರಣಿಗಳಿಗೆ ಗರಗಸದ ಹಲ್ಲಿನಂತಹ ಛಾವಣಿ ಇರುತ್ತಿತ್ತು. ಪ್ರತಿ ಹಲ್ಲಿನ ನೆಟ್ಟನೆಯ ಮುಖಕ್ಕೆ ಗಾಜು, ಆ ಮುಖ ಉತ್ತರಕ್ಕೆ. ನೇರ ಬಿಸಿಲು ಒಳಗೆ ಬೀಳುವುದಿಲ್ಲ, ಬೆಳಕು ಮಾತ್ರ ದಿನವಿಡೀ ಸಮನಾಗಿ ಹರಡುತ್ತದೆ. ನೂಲಿನ ಎಳೆ ಕಾಣಬೇಕು, ಕಣ್ಣು ಕುಕ್ಕಬಾರದು ಎಂಬ ಲೆಕ್ಕ ಅದು. ಹಗಲೆಲ್ಲಾ ದೀಪ ಹಚ್ಚಿಕೊಂಡು, ಯಂತ್ರದಿಂದ ತಂಪು ಮಾಡಿಕೊಂಡು ಕೂರುವ ಇಂದಿನ ಗಾಜಿನ ಪೆಟ್ಟಿಗೆಗಳು ಆ ಛಾವಣಿಯಿಂದ ಪಾಠ ಕಲಿಯಬೇಕು. ನಡುವೆ ಗೋಡೆಯಿಲ್ಲದ ಅಂತಹ ವಿಶಾಲವಾದ ಕೊಠಡಿಗಳು ಗ್ರಂಥಾಲಯಕ್ಕೆ ಒದಗುತ್ತವೆ, ಕಸಬು ಕಲಿಸುವ ಶಾಲೆಗೆ ಒದಗುತ್ತವೆ, ಸಭೆಗೆ, ನಾಟಕಕ್ಕೆ, ಸಂತೆಗೆ ಒದಗುತ್ತವೆ. ಸುಣ್ಣದ ಗಾರೆಯ ಗೋಡೆಗೆ ಸುಣ್ಣದ್ದೇ ತೇಪೆ ಹಾಕಬೇಕು. ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿ ಇಟ್ಟಿಗೆ ಉದುರುತ್ತದೆ. ಇದನ್ನು ಬಲ್ಲ ಗಾರೆಯವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಒಂದು ಗಿರಣಿಯನ್ನು ದುರಸ್ತಿ ಮಾಡಿದರೆ ಹತ್ತಾರು ಹುಡುಗರಿಗೆ ಆ ವಿದ್ಯೆ ಬರುತ್ತದೆ. ಕೆಡವಿದರೆ ಸಿಗುವುದು ಲಾರಿಗಟ್ಟಲೆ ಮಣ್ಣುಕಲ್ಲು. ಅದನ್ನು ತಂದು ಸುರಿಯುವುದು ಕೆಂಗೇರಿಯ ಆಚೆಯ ಯಾವುದೋ ಹಳ್ಳಿಯ ಕೆರೆಯಂಚಿಗೆ.

ಆಗಿಹೋದದ್ದರ ಮಾತು ಇಷ್ಟು ಸಾಕು. ಉಳಿದಿರುವ ಎರಡು ಆವರಣಗಳ ಕಡೆಗೆ ನಿಮ್ಮ ಗಮನ ಸೆಳೆಯುತ್ತೇವೆ. ಎರಡೂ ಸಾರ್ವಜನಿಕ ಒಡೆತನದ ಉದ್ಯಮಗಳಾಗಿ ಬಾಳಿದವು.

ಒಂದು, ಮಾಗಡಿ ರಸ್ತೆಯ ಬಳಿಯ ಗೋಪಾಲಪುರದ ಮಿನರ್ವಾ ಮಿಲ್. ದೇಶದ ಯಾವ ಮೂಲೆಯಲ್ಲಿ ಕಾನೂನು ಓದುವ ಹುಡುಗನಿಗೂ ಈ ಹೆಸರು ಗೊತ್ತು. ನಮ್ಮ ಬೀದಿಯ ಹುಡುಗನಿಗೆ ಗೊತ್ತಿಲ್ಲ. 1974ರ ಕಾಯಿದೆಯಿಂದ ಈ ಗಿರಣಿ ರಾಷ್ಟ್ರೀಕರಣವಾಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 1980ರ ಜುಲೈ 31ರಂದು ಬಂದ ತೀರ್ಪು, ತುರ್ತು ಪರಿಸ್ಥಿತಿಯ ಕಾಲದ 42ನೆಯ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುರಿಯಲಾಗದು ಎಂಬ ಮಾತನ್ನು ಗಟ್ಟಿ ಮಾಡಿತು. ಮುಂದೆ 1986ರಲ್ಲಿ ರಾಷ್ಟ್ರೀಕರಣದ ಕಾಯಿದೆಯನ್ನೂ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಸಂವಿಧಾನದ ಮೂಲ ರಚನೆಯನ್ನು ಕಾಪಾಡಿದ ತೀರ್ಪಿಗೆ ಹೆಸರು ಕೊಟ್ಟ ಗಿರಣಿಯ ರಚನೆಯನ್ನೇ ಕಾಪಾಡುವವರಿಲ್ಲವೆಂದರೆ ಅದಕ್ಕಿಂತ ವಿಡಂಬನೆ ಬೇರೆ ಬೇಕೆ? ಅದರ ಶೆಡ್ಡುಗಳನ್ನು ಜನ ಕಂಡಿರುವುದು ಸಿನಿಮಾದಲ್ಲಿ, ಹೊಡೆದಾಟದ ಹಿನ್ನೆಲೆಯಾಗಿ.

ಇನ್ನೊಂದು, ಹಳೆ ತುಮಕೂರು ರಸ್ತೆಯ ಮೈಸೂರು ಲ್ಯಾಂಪ್ಸ್. 1936ರಲ್ಲಿ ಸ್ಥಾಪನೆಯಾಗಿ ಮನೆಮನೆಗೂ ಬಲ್ಬು ಕೊಟ್ಟ ಈ ಕಾರ್ಖಾನೆ 2003ರಲ್ಲಿ ಮುಚ್ಚಿತು. ಇಪ್ಪತ್ತು ಎಕರೆಗೂ ಮಿಕ್ಕ ನೆಲ, ಒಳಗೆ ಹಳೆಯ ಶೆಡ್ಡುಗಳು, ಯಂತ್ರಗಳು, ದೊಡ್ಡ ಮರಗಳು. ಇಲ್ಲಿ ಬೆಂಗಳೂರಿನ ಕಥೆ ಹೇಳುವ ಸಾಂಸ್ಕೃತಿಕ ತಾಣವೊಂದನ್ನು ಮಾಡುವುದಾಗಿ ರಾಜ್ಯ ಸರ್ಕಾರ ಪ್ರಕಟಿಸಿದೆ. ಮಾರಿಬಿಡುವುದಕ್ಕಿಂತ ಇದು ಸಾವಿರ ಪಾಲು ಮೇಲು ಎಂದು ನಾವು ಮುಕ್ತಕಂಠದಿಂದ ಒಪ್ಪುತ್ತೇವೆ. ಆದರೆ ಬೆಂಗಳೂರಿನ ಕಥೆಯನ್ನು ಹೇಳುವವರು ಯಾರು? ದೀಪದ ಗಾಜು ಊದಿದವರ, ತಂತಿ ಪೋಣಿಸಿದ ಹೆಣ್ಣುಮಕ್ಕಳ ಹೆಸರು ಆ ಕಥೆಯಲ್ಲಿರುತ್ತದೆಯೇ? ಬಾಗಿಲಲ್ಲಿ ಟಿಕೆಟ್ಟಿನ ದರ ಎಷ್ಟಿರುತ್ತದೆ? ಮುಂಭಾಗದ ಗೋಡೆಯೊಂದನ್ನು ಉಳಿಸಿ, ಹಿಂದೆ ಹೋಟೆಲು ಅಂಗಡಿಗಳ ಸಾಲು ಎಬ್ಬಿಸಿ, ಅದಕ್ಕೆ ಪರಂಪರೆಯ ಹೆಸರಿಡುವ ಜಾಣತನ ಲೋಕಕ್ಕೆ ಹೊಸದಲ್ಲ. ಹುಲಿಯ ತೊಗಲು ಗೋಡೆಗೆ ತೂಗುಹಾಕಿ ಕಾಡು ಉಳಿಸಿದೆವೆಂದರೆ ಯಾರು ನಂಬುತ್ತಾರೆ?

ಒಪ್ಪಂದದ ಅಕ್ಷರ ಅಕ್ಷರವನ್ನೂ ಓದಬೇಕೆಂಬುದಕ್ಕೆ ಮುಂಬಯಿಯೇ ಸಾಕ್ಷಿ. 1982ರಲ್ಲಿ ಅಲ್ಲಿನ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು, ಸೋತರು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರಲ್ಲಿ ಸರ್ಕಾರ ಒಂದು ನಿಯಮ ಮಾಡಿತು: ಗಿರಣಿಯ ನೆಲದಲ್ಲಿ ಸುಮಾರಾಗಿ ಮೂರರಲ್ಲೊಂದು ಪಾಲು ಸಾರ್ವಜನಿಕ ಬಯಲಿಗೆ, ಒಂದು ಪಾಲು ಬಡವರ ವಸತಿಗೆ, ಉಳಿದದ್ದು ಮಾಲೀಕರಿಗೆ. ಕೇಳುವುದಕ್ಕೆ ಚೆನ್ನಾಗಿತ್ತು. 2001ರಲ್ಲಿ ಅದೇ ನಿಯಮಕ್ಕೆ ತಿದ್ದುಪಡಿ ಬಂತು: ಹಂಚಿಕೆ ಖಾಲಿ ನೆಲಕ್ಕೆ ಮಾತ್ರ, ಕಟ್ಟಡ ನಿಂತ ನೆಲಕ್ಕಿಲ್ಲ. ಗಿರಣಿಯ ನೆಲದ ಬಹುಪಾಲು ಕಟ್ಟಡದ್ದೇ ಆದ್ದರಿಂದ ಜನರ ಪಾಲು ಬೆರಳೆಣಿಕೆಗೆ ಇಳಿಯಿತು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂದೇ ಒಂದು ಶಬ್ದದ ಬದಲಾವಣೆಯಿಂದ ನೂರಾರು ಎಕರೆ ಕೈಬದಲಾಯಿತು. ಅದೇ ಅಮೆರಿಕದಂತಹ ಬಂಡವಾಳಶಾಹಿ ದೇಶದಲ್ಲಿ ಲೋವೆಲ್ ಎಂಬ ಊರಿನ ಹತ್ತಿ ಗಿರಣಿಗಳನ್ನೂ, ನೇಯುವ ಹೆಣ್ಣುಮಕ್ಕಳು ತಂಗಿದ್ದ ವಸತಿಗಳನ್ನೂ 1978ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಿ ಕಾಪಾಡಿದರು. ಮನಸ್ಸಿದ್ದರೆ ಮಾರ್ಗವುಂಟು.

ಹಾಗಾದರೆ ವಸತಿ ಬೇಡವೇ? ಬೇಕು. ಗುಡಿಸಲಿನಲ್ಲಿರುವವರಿಗೆ ಮನೆ ಬೇಕೆಂದು ಮೊದಲಿನಿಂದ ಕೂಗುತ್ತಿರುವವರೇ ನಾವು. ಆದರೆ ಕೆಡವಿದ ಗಿರಣಿಗಳ ಮೇಲೆ ಎದ್ದ ಮನೆಗಳಲ್ಲಿ ಗಿರಣಿಯವನ ಮಕ್ಕಳಿಗೆ ಎಷ್ಟು ಸಿಕ್ಕವು? ಆವರಣದ ಖಾಲಿ ನೆಲದಲ್ಲಿ ಸಾರ್ವಜನಿಕ ಬಾಡಿಗೆ ಮನೆಗಳನ್ನು ಕಟ್ಟಲಿ, ಹಳೆಯ ಶೆಡ್ಡುಗಳಲ್ಲಿ ಆ ಮನೆಗಳ ಮಕ್ಕಳಿಗೆ ಶಾಲೆ, ವಾಚನಾಲಯ ನಡೆಯಲಿ. ಹಳೆಯ ಗೋಡೆಗೂ ಬಡವನ ಮನೆಗೂ ಜಗಳ ಹಚ್ಚುವವನು ಇಬ್ಬರ ನೆಲವನ್ನೂ ಕಬಳಿಸಲು ಕಾದಿದ್ದಾನೆ ಎಂಬುದನ್ನು ಮರೆಯಬೇಡಿ.

ಗೋಡೆ ಉಳಿದ ಮಾತ್ರಕ್ಕೆ ಎಲ್ಲವೂ ಉಳಿಯುವುದಿಲ್ಲ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಆ ಆವರಣ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಕಾವಲುಗೋಪುರ ಉಳಿಯಿತು, ಬರಾಕು ಉಳಿಯಿತು. 1975ರಲ್ಲಿ ಸಮಾಜವಾದಿ ನಾಯಕ ಮಧು ದಂಡವತೆಯವರನ್ನು ಕೂಡಿಹಾಕಿದ್ದ ಜೈಲು ಅದು. ಲೋಹಿಯಾರ ವಿಚಾರಗಳನ್ನು ನಂಬಿದ್ದ ನಟಿ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಅಲ್ಲಿ ಉಬ್ಬಸದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅಂತಹ ನೆಲವನ್ನು ಉಳಿಸಿದ್ದು ದೊಡ್ಡ ಕೆಲಸವೇ. ಆದರೆ 2021ರ ಆದೇಶವೊಂದರ ಮೂಲಕ ನಗರದ ಪ್ರತಿಭಟನೆಗಳೆಲ್ಲ ಆ ಆವರಣದೊಳಗೇ ನಡೆಯಬೇಕೆಂದು ವಿಧಿಸಲಾಯಿತು. ಸೆರೆಮನೆ ಸ್ವಾತಂತ್ರ್ಯದ ಉದ್ಯಾನವಾಯಿತು, ಸ್ವಾತಂತ್ರ್ಯ ಮತ್ತೆ ಅದರ ಗೋಡೆಯೊಳಗೆ ಹೋಯಿತು. ಆದ್ದರಿಂದ ನಾವು ಕಟ್ಟಡದ ಜೊತೆಗೆ ಅದರ ಬಳಕೆಯ ಹಕ್ಕನ್ನೂ ಕೇಳಬೇಕು.

ಕಾನೂನಿನ ಆಸರೆಯೂ ಸಾಲದು. ಪುರಾತನ ಸ್ಮಾರಕಗಳ 1958ರ ಕೇಂದ್ರ ಕಾಯಿದೆ ನೂರು ವರ್ಷವಾದರೂ ತುಂಬಿರಬೇಕೆನ್ನುತ್ತದೆ. ಆ ಲೆಕ್ಕದಲ್ಲಿ ಮೈಸೂರು ಲ್ಯಾಂಪ್ಸಿನ ವಯಸ್ಸು ತುಂಬುವುದು 2036ಕ್ಕೆ. ಜೆಸಿಬಿಗೆ ಅಷ್ಟು ತಾಳ್ಮೆಯಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಮೊದಲನೆಯದಾಗಿ, ಪಶ್ಚಿಮ ಬೆಂಗಳೂರಿನ ಹಳೆಯ ಗಿರಣಿ, ಕಾರ್ಖಾನೆ, ಕೂಲಿ ವಸತಿಗಳ ಪಟ್ಟಿಯನ್ನು ಸರ್ಕಾರ ಪ್ರಕಟಿಸಬೇಕು. ಪಟ್ಟಿ ಬರುವವರೆಗೆ ಒಂದು ಇಟ್ಟಿಗೆಯನ್ನೂ ಕೀಳಬಾರದು. ಎರಡನೆಯದಾಗಿ, ಸಾರ್ವಜನಿಕ ಒಡೆತನದ ಆವರಣಗಳನ್ನು ಮಾರಬಾರದು, ದೀರ್ಘ ಗುತ್ತಿಗೆಯ ಹೆಸರಿನಲ್ಲೂ ಪರಭಾರೆ ಮಾಡಬಾರದು. ಮೂರನೆಯದಾಗಿ, ಯೋಜನೆ ಕನ್ನಡದಲ್ಲಿ ಅಚ್ಚಾಗಿ, ವಾರ್ಡಿನಲ್ಲಿ ಬಹಿರಂಗ ವಿಚಾರಣೆ ನಡೆದು, ಅಲ್ಲಿ ದುಡಿದವರ ಮಾತು ದಾಖಲಾಗಬೇಕು. ನಾಲ್ಕನೆಯದಾಗಿ, ಉಳಿಸಿದ ಜಾಗಕ್ಕೆ ಪ್ರವೇಶ ಉಚಿತವಾಗಿರಬೇಕು.

ಜಿಲ್ಲೆಗಳಿಂದ ಬಂದಿರುವ ಸಂಗಾತಿಗಳಿಗೆ ಒಂದು ಮಾತು. ಇದು ರಾಜಧಾನಿಯ ತಕರಾರು ಎಂದು ಸುಮ್ಮನಾಗಬೇಡಿ. ದಾವಣಗೆರೆಯ ಹತ್ತಿ ಗಿರಣಿಗಳು, ಹುಬ್ಬಳ್ಳಿಯ ಭಾರತ್ ಮಿಲ್, ಕಲಬುರಗಿಯ ಎಂ.ಎಸ್.ಕೆ. ಮಿಲ್ ಇವೆಲ್ಲ ಇದೇ ಕಥೆಯ ಅಧ್ಯಾಯಗಳು. ನಿಮ್ಮೂರಿನಲ್ಲಿ ಮಿಲ್ಲಿನಲ್ಲಿ ದುಡಿದ ಹಿರಿಯರು ಇನ್ನೂ ಇದ್ದಾರೆ. ಅವರ ಹಾಜರಿ ಚೀಟಿ, ಸಂಘದ ರಸೀದಿ, ಮುಷ್ಕರದ ಕರಪತ್ರ ಯಾವುದೋ ಟ್ರಂಕಿನ ತಳದಲ್ಲಿದೆ. ಈ ವಾರವೇ ಹೋಗಿ, ಕುಳಿತು ಕೇಳಿ, ಬರೆದುಕೊಳ್ಳಿ. ಗೋಡೆಯನ್ನು ಉಳಿಸುವ ವಾದಕ್ಕೆ ನಾಳೆ ಅದೇ ಪುರಾವೆಯಾಗುತ್ತದೆ.