ಒಮ್ಮೆಗೆ ಎಷ್ಟು ಹೊರಬೇಕು?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರೆಹರೂಪ)



ಭಾಷೆ ಕಲಿಸುವ ಮೇಷ್ಟರಿಗೆ ಸರ್ವರಿನ ಗೊಡವೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣವಿದೆ. ಉರ್ದು ನಸ್ತಾಲೀಖ್ ಲಿಪಿಯಲ್ಲಿ ಅಕ್ಷರಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಅವರು ರೂಪಿಸಿದ ನೂರಿ ನಸ್ತಾಲೀಖ್‌ಗೆ ಸುಮಾರು 20,000 ಕೂಡಕ್ಷರಗಳು ಬೇಕಾದವು. ಆ ಜಾಡಿನ ಫಾಂಟ್‌ಗಳೆಲ್ಲ ದೊಡ್ಡ ಫೈಲುಗಳೇ. ಅವೂ ಮಕ್ಕಳ ಫೋಲ್ಡರುಗಳೂ ಒಂದೇ ಸರ್ವರಿನಲ್ಲಿದ್ದು, ಮೂವತ್ತು ಮಕ್ಕಳು ಒಟ್ಟಿಗೆ ತೆರೆದರೆ, ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಒಂದು ಪಾಲು ಪರದೆ ನೋಡುವುದರಲ್ಲೇ ಕಳೆಯುತ್ತದೆ. ಆಗ ಹೊಸ ಕಂಪ್ಯೂಟರ್ ಕೊಳ್ಳಬೇಕೆಂಬ ಮಾತು ಏಳುತ್ತದೆ. ದಾನಿಗಳ ಹಣ ಅದು. ಕೊಳ್ಳುವ ಮೊದಲು ಒಂದು ಸಾಲು ಓದಿ ನೋಡೋಣ ಎಂಬುದಷ್ಟೇ ನನ್ನ ಮನವಿ.

ಲಿನಕ್ಸ್ ಲ್ಯಾಬುಗಳಲ್ಲಿ ಸರ್ವರಿನ ಫೈಲನ್ನು ನಮ್ಮದೇ ಡಿಸ್ಕಿನದೆಂಬಂತೆ ತೋರಿಸುವ ವ್ಯವಸ್ಥೆಗೆ ಎನ್‌ಎಫ್‌ಎಸ್, ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್ ಎಂದು ಹೆಸರು. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇದನ್ನು ರೂಪಿಸಿತು. ಆ ಕಂಪನಿಯ ಸ್ಥಾಪಕರಲ್ಲಿ ನಮ್ಮ ದೇಶದ ವಿನೋದ್ ಖೋಸ್ಲಾ ಒಬ್ಬರು. ಇದರಲ್ಲಿ ಎರಡು ಅಳತೆಗಳಿವೆ. ಒಮ್ಮೆ ಕೇಳಿದರೆ ಎಷ್ಟು ಬೈಟ್ ಓದಬೇಕು ಎಂಬುದು ಆರ್‌ಸೈಜ್, ಒಮ್ಮೆಗೆ ಎಷ್ಟು ಬರೆಯಲು ಕಳಿಸಬೇಕು ಎಂಬುದು ಡಬ್ಲ್ಯೂಸೈಜ್.

ನಮ್ಮ ದೇವನಹಳ್ಳಿಯ ಚಕ್ಕೋತವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಮಾರುಕಟ್ಟೆಗೆ ಒಂದೊಂದೇ ಹಣ್ಣು ಹಿಡಿದು ಬಸ್ ಹತ್ತಿದರೆ ಹಣ್ಣಿಗಿಂತ ಓಡಾಟವೇ ಹೆಚ್ಚು. 4 ಎಂಬಿ ಫೈಲನ್ನು 1024 ಬೈಟಿನಂತೆ ಕೇಳಿದರೆ 4096 ಸಲ ಕೇಳಬೇಕು. 8192ರಂತೆ 512 ಸಲ, 32768ರಂತೆ 128 ಸಲ. ಇಂದಿನ ಲಿನಕ್ಸಿನ ಗರಿಷ್ಠ ಅಳತೆ 1048576. ಅದರಲ್ಲಿ ನಾಲ್ಕೇ ಸಲ. ಒಂದೇ ಕೋಣೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣದಿರಬಹುದು. ಸರ್ವರ್ ದೂರದಲ್ಲಿದ್ದು, ಒಂದು ಸಲದ ಹೋಗಿಬರುವಿಕೆಗೆ 20 ಮಿಲಿಸೆಕೆಂಡ್ ಹಿಡಿದರೆ, ಒಂದಾದ ಮೇಲೊಂದು ಕೇಳುವ 4096 ಸಲಕ್ಕೆ ಸುಮಾರು 82 ಸೆಕೆಂಡ್ ಬರೀ ಕಾಯುವಿಕೆ.

ಹಾಗಾದರೆ ಹಿಂದಿನವರು 8192 ಎಂದೇಕೆ ಬರೆದರು? ಅವರೇನು ದಡ್ಡರಲ್ಲ. ಎನ್‌ಎಫ್‌ಎಸ್ ಎರಡನೇ ಆವೃತ್ತಿಯ ಮಿತಿಯೇ ಅಷ್ಟು. ಆಗ ಸಾಗಣೆ ಯುಡಿಪಿಯ ಮೇಲೆ. ಈಥರ್ನೆಟ್ಟಿನ ಬಾಗಿಲು 1500 ಬೈಟಿನದು, ಆದ್ದರಿಂದ 8192ರ ಹೊರೆ ಆರು ತುಂಡಾಗುತ್ತಿತ್ತು. ಒಂದು ತುಂಡು ಕಳೆದರೂ ಆರನ್ನೂ ಮತ್ತೆ ಕಳಿಸಬೇಕು. ಕೆಟ್ಟ ಕೇಬಲ್ ಇದ್ದಲ್ಲಿ ಅಳತೆ ಇಳಿಸಿದ್ದೇ ಜಾಣತನ. 1995ರಲ್ಲಿ ಮೂರನೇ ಆವೃತ್ತಿಯ ವಿವರಣೆ ಪ್ರಕಟವಾಗಿ ಆ 8192ರ ಮಿತಿ ಹೋಯಿತು. ಈಗ ಸಾಗಣೆ ಹೆಚ್ಚಾಗಿ ಟಿಸಿಪಿಯಲ್ಲಿ. ಕಳೆದ ತುಂಡಷ್ಟೇ ಮತ್ತೆ ಬರುತ್ತದೆ. ಕಾರಣ ಹೋಯಿತು, ಸಾಲು ಮಾತ್ರ ಟಿಪ್ಪಣಿಯಿಂದ ಟಿಪ್ಪಣಿಗೆ ನಕಲಾಗುತ್ತ ಉಳಿಯಿತು. ನಾನು ಕಂಡ ಒಂದು ಲ್ಯಾಬಿನ ಫೈಲಿನಲ್ಲೂ ಅದೇ ಇತ್ತು.

ಈ ತಪ್ಪು ಎಂದೂ ಎರರ್ ಎಂದು ಕೂಗುವುದಿಲ್ಲ. ಎಲ್ಲವೂ ನಡೆಯುತ್ತದೆ, ನಿಧಾನವಾಗಿ. ಅದಕ್ಕೇ ಯಂತ್ರಕ್ಕೆ ಕೆಟ್ಟ ಹೆಸರು, ಕೆಲವೊಮ್ಮೆ ಟೈಪ್ ಮಾಡುವ ಮಗುವಿಗೂ.

ಅಳತೆ ಬರೆಯದೆ ಬಿಟ್ಟರೆ ಕ್ಲೈಂಟೂ ಸರ್ವರೂ ತಾವೇ ಮಾತಾಡಿಕೊಂಡು ಇಬ್ಬರಿಗೂ ಒಗ್ಗುವ ದೊಡ್ಡ ಅಳತೆಗೆ ಬರುತ್ತವೆ. ಬಹುತೇಕ ಲ್ಯಾಬುಗಳಿಗೆ ಅದೇ ಸಾಕು ಎಂಬುದು ನನ್ನ ಅಭಿಪ್ರಾಯ. ನೀವು ದೊಡ್ಡದು ಕೇಳಿದರೂ ಸರ್ವರಿನ ಮಿತಿ ಮೀರದು. ಅದಕ್ಕೇ ಎಫ್‌ಎಸ್‌ಟ್ಯಾಬ್‌ನಲ್ಲಿ ಏನು ಬರೆದಿದೆ ಎಂದು ನೋಡಿದರೆ ಸಾಲದು; ಎನ್‌ಎಫ್‌ಎಸ್‌ಸ್ಟಾಟ್ ಆದೇಶವನ್ನು ಎಮ್ ಆಯ್ಕೆಯೊಂದಿಗೆ ಕೊಟ್ಟು, ನಿಜಕ್ಕೂ ಎಷ್ಟು ಒಪ್ಪಿಗೆಯಾಗಿದೆ ಎಂದು ನೋಡಿ.

ವಿದ್ಯಾರ್ಥಿಗಳೇ, ಬದಲಾಯಿಸುವುದಾದರೆ ಮೊದಲು ಲ್ಯಾಬ್ ಸಹಾಯಕರನ್ನು ಕೇಳಿ, ಎಲ್ಲರ ಫೈಲೂ ಮುಚ್ಚಿದ ಮೇಲೆ ಅನ್‌ಮೌಂಟ್ ಮಾಡಿ ಹೊಸದಾಗಿ ಮೌಂಟ್ ಮಾಡಿ. ಬರೀ ರೀಮೌಂಟಿನಿಂದ ಈ ಅಳತೆ ಬದಲಾಗುವುದಿಲ್ಲ. ಒಂದು ಅಳತೆ ಬದಲಿಸಿ, ಸಮಯ ಬರೆದಿಟ್ಟು, ಆಮೇಲೆ ಇನ್ನೊಂದು. ಪರೀಕ್ಷೆಗೆ ಯಂತ್ರದ ರ‍್ಯಾಮಿಗಿಂತ ದೊಡ್ಡ ಫೈಲ್ ಇರಲಿ. ಚಿಕ್ಕದಾದರೆ ಎರಡನೇ ಸಲ ಅದು ನಿಮ್ಮದೇ ಯಂತ್ರದ ನೆನಪಿನಿಂದ ಬರುತ್ತದೆ, ನೀವು ಸರ್ವರ್ ಚುರುಕಾಯಿತೆಂದು ಬರೆದುಕೊಳ್ಳುತ್ತೀರಿ.